ಮೇಷ್ಟ್ರು ಸುಮ್ಮನಾದ ಹೊತ್ತು

ಯಶವಂತಪುರದ ಗೂಡ್ಸ್ ಯಾರ್ಡಿನ ಬೆನ್ನಿಗೆ ಆತುಕೊಂಡ ಹಾಗೆ ಒಂದು ಉದ್ದನೆಯ ತಗಡಿನ ಶೆಡ್ಡಿತ್ತು. ಯಾವುದೋ ಕಾಲದಲ್ಲಿ ಅಲ್ಲಿ ಕಡಲೇಕಾಯಿ ಮೂಟೆ ಪೇರಿಸುತ್ತಿದ್ದರಂತೆ. ಮಳೆ ಬಂದು ನೆಲ ತೇವವಾದರೆ ಆ ವಾಸನೆ ಮತ್ತೆ ಏಳುತ್ತಿತ್ತು. ನಾವು ಸೇರುವ ಹೊತ್ತಿಗೆ ಮೂಟೆಗಳು ಹೋಗಿ ವಿಶ್ವವಿದ್ಯಾಲಯದ ಬೋರ್ಡು ಬಂದಿತ್ತು. ನಾಟಕಕ್ಕೂ ಸಿನಿಮಾಕ್ಕೂ ನಟರನ್ನು ತಯಾರು ಮಾಡುವ ಎರಡು ವರ್ಷದ ಡಿಪ್ಲೊಮಾ. ಹದಿನಾಲ್ಕು ಜನ ವಿದ್ಯಾರ್ಥಿಗಳು, ಒಂದು ಮರದ ಅಟ್ಟಣೆ, ಅದರ ಎರಡು ಬದಿಗೆ ಕಪ್ಪು ಬಟ್ಟೆಯ ಪಕ್ಕಪರದೆ, ಹತ್ತು ಹನ್ನೆರಡು ಮಡಿಚುವ ಕುರ್ಚಿ. ಅಷ್ಟೇ ನಮ್ಮ ಸಂಸಾರ. ಅರವತ್ತರ ದಶಕದ ನಡುವಿನ ಮಾತಿದು.

ಯಲಹಂಕದ ನಮ್ಮ ಮನೆಯಲ್ಲಿ ನಾನು ಇದನ್ನು ಹೇಳಿದಾಗ ಅಜ್ಜಿ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು.

"ಬಣ್ಣ ಅಚ್ಕೊಳ್ಳೋದ್ಕೂ ಪರೀಕ್ಸೆ ಕೊಡ್ಬೇಕೇನ್ಲಾ? ಫೇಲಾದ್ರೆ ಏನ್ ಮಾಡ್ತಾರೆ, ಮಕ ತೊಳ್ಸಿ ಕಳಿಸ್ತಾರಾ?"

ಅಪ್ಪ ಅವ್ವ ದ್ರಾಕ್ಷಿ ತೋಟಕ್ಕೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ನಾನು ಬೆಳೆದದ್ದು, ಮಾತು ಕಲಿತದ್ದು, ಎಲ್ಲಾ ಈ ಅಜ್ಜಿಯ ಹತ್ತಿರ, ಮತ್ತೆ ಅವಳ ಜೊತೆ ಬಿಸಿಲು ಕಾಯಿಸಲು ಬರುತ್ತಿದ್ದ ನಾಲ್ಕಾರು ಮುದುಕಿಯರ ಹತ್ತಿರ. ಬಿಎ ಮುಗಿಸಿದ್ದರೂ ನನ್ನ ನಾಲಗೆ ಮಾತ್ರ ಜಗುಲಿಯಲ್ಲೇ ಕೂತಿತ್ತು. ಇದರಿಂದ ಆದ ಪ್ರಯೋಜನ ಏನು ಅಂದರೆ, ಶೆಡ್ಡಿನಲ್ಲಿ ಎರಡು ತಿಂಗಳಾದರೂ ನನಗೆ ಒಂದು ಪಾತ್ರವೂ ಸಿಗಲಿಲ್ಲ.

ಆ ಶೆಡ್ಡಿನ ಒಂದು ಪದ್ಧತಿಯನ್ನು ಮೊದಲೇ ಹೇಳಿಬಿಡಬೇಕು. ದಿನಕ್ಕೆ ಐದಾರು ಸಲವಾದರೂ ಗೂಡ್ಸ್ ಗಾಡಿ ಹಾದುಹೋಗುತ್ತಿತ್ತು. ತಗಡಿಗೆ ತಗಡು ಬಡಿದು, ಅಟ್ಟಣೆಯ ಹಲಗೆ ನಡುಗಿ, ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ದೂರದಲ್ಲಿ ಇಂಜಿನ್ ಸದ್ದು ಕೇಳಿದ ಕೂಡಲೇ ಮೇಷ್ಟ್ರು "ಗಾಡಿ" ಅನ್ನುತ್ತಿದ್ದರು. ಅಷ್ಟೇ, ಯಾರು ಹೇಗಿದ್ದರೋ ಹಾಗೇ ನಿಲ್ಲಬೇಕು. ಎತ್ತಿದ ಕೈ ಎತ್ತಿದ ಹಾಗೇ ಇರಬೇಕು, ನೋಟ ಕದಲಬಾರದು, ಪಾತ್ರ ಬಿಡಬಾರದು. ಗಾರ್ಡಿನ ಡಬ್ಬಿ ದಾಟಿದ ಮೇಲೆ ನಿಂತ ಮಾತಿನ ಮುಂದಿನ ಮಾತಿನಿಂದ ಶುರು. ಒಂದು ಸಲ ನನ್ನ ಗೆಳೆಯನೊಬ್ಬ, ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನ ಹುಡುಗ, ಅಳುವ ದೃಶ್ಯದಲ್ಲಿ ಬಾಯಿ ತೆರೆದಿದ್ದಾಗ ಗಾಡಿ ಬಂತು. ಮೂವತ್ತು ಚಿಲ್ಲರೆ ವ್ಯಾಗನ್ ದಾಟುವವರೆಗೆ ಬಾಯಿ ತೆರೆದುಕೊಂಡೇ ನಿಂತ. ಆಮೇಲೆ ದವಡೆ ಹಿಡಿದುಕೊಂಡು ಕೆಳಗಿಳಿದು ಬಂದು, "ಅಳು ಎಲ್ಲಿ ಹೋಯ್ತೋ ಗೊತ್ತಿಲ್ಲ ಗುರು, ಹಲ್ಲುನೋವು ಮಾತ್ರ ನಿಜವಾಗ್ಲೂ ಬಂತು" ಅಂದ.

ಹೀಗಾಗಿ ನಮ್ಮ ಪಾಲಿಗೆ ಮೌನ ಅನ್ನುವುದು ಹೊರಗಿನಿಂದ ಬರುವ ವಸ್ತುವಾಗಿತ್ತು. ಗಾಡಿ ಬಂದರೆ ಸುಮ್ಮನಿರಬೇಕು, ಹೋದರೆ ಮಾತಾಡಬೇಕು. ಗಾಡಿಯಿಲ್ಲದೆ ಯಾರಾದರೂ ಅಟ್ಟಣೆಯ ಮೇಲೆ ಸುಮ್ಮನಾದರೆ ಮಾತು ಮರೆತಿದ್ದಾರೆ ಅಂತಲೇ ಲೆಕ್ಕ.

ನಮಗೆ ಪಾಠ ಹೇಳುತ್ತಿದ್ದವರು ಇಬ್ಬರು. ಒಬ್ಬರನ್ನು 'ಸರ್' ಅನ್ನುತ್ತಿದ್ದೆವು, ಇನ್ನೊಬ್ಬರನ್ನು 'ಮೇಷ್ಟ್ರು'. ಸರ್ ವಿಭಾಗದ ಮುಖ್ಯಸ್ಥರು. ದಿಲ್ಲಿಗೆ ಹೋಗಿ ಕಲಿತು ಬಂದವರು, ಮೂವತ್ತೈದರ ಆಸುಪಾಸು, ಸಿಗರೇಟನ್ನು ಹಚ್ಚದೆ ಬೆರಳಲ್ಲಿ ತಿರುಗಿಸುತ್ತಾ ಮಾತಾಡುವವರು. ಮೇಷ್ಟ್ರಿಗೆ ಅರವತ್ತು ದಾಟಿತ್ತು. ಒಂಬತ್ತನೇ ವಯಸ್ಸಿಗೇ ನಾಟಕ ಕಂಪನಿ ಸೇರಿ, ಊರೂರು ಡೇರೆ ಹಾಕುತ್ತಾ ಬೆಳೆದು, ಕಂಪನಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಚಿಕ್ಕಬಾಣಾವರದಲ್ಲಿ ಮಗಳ ಮನೆ ಸೇರಿದ್ದರು. ಶಾಲೆಯಲ್ಲಿ ಮೂರನೇ ತರಗತಿಗೆ ಮೇಲೆ ಹೋದವರಲ್ಲ. ಧ್ವನಿ ಮತ್ತು ನಡಿಗೆ ಕಲಿಸಲು ವಿಶ್ವವಿದ್ಯಾಲಯದವರು ಅವರನ್ನು ವರ್ಷದಿಂದ ವರ್ಷಕ್ಕೆ ಅಂತ ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದರು. ಶಂಟಿಂಗ್ ಇಂಜಿನ್ ಕೂಗುತ್ತಿದ್ದರೂ ಅವರ ಸ್ವರ ಶೆಡ್ಡಿನ ಕೊನೆಯ ಕುರ್ಚಿಗೆ ಮುಟ್ಟುತ್ತಿತ್ತು. ಸೇರಿದ ಮೊದಲ ವಾರ ನನ್ನಿಂದ ಒಂದು ಪುಟ ಓದಿಸಿದರು. ಕಣ್ಣು ಮುಚ್ಚಿ ಕೇಳಿ, "ನಿನ್ನ ಕಿವಿ ಚೆನ್ನಾಗಿದೆ ಕಣಪ್ಪ. ನಾಲಗೆ ಆಮೇಲೆ ನೋಡೋಣ. ಅಲ್ಲೀವರೆಗೂ ಪರದೆ ಪಕ್ಕ ನಿಂತ್ಕೊ" ಅಂದರು.

ಹೀಗೆ ನಾನು ಪ್ರಾಂಪ್ಟರ್ ಆದೆ. ಪುಸ್ತಕ ಹಿಡಿದು ಪಕ್ಕಪರದೆಯ ಹಿಂದೆ ನಿಂತು, ನಟ ಎಡವಿದಾಗ ಮುಂದಿನ ಮಾತಿನ ಮೊದಲ ಶಬ್ದವನ್ನು ಅವನಿಗಷ್ಟೇ ಕೇಳುವ ಹಾಗೆ ಎತ್ತಿಕೊಡುವ ಕೆಲಸ. ಸರ್‌ಗೆ ಇದು ಸೇರುತ್ತಿರಲಿಲ್ಲ. ಅವರ ತರಗತಿಯಲ್ಲಿ ಪ್ರಾಂಪ್ಟರಿಗೆ ಜಾಗವಿರಲಿಲ್ಲ. ಮೇಷ್ಟ್ರ ತರಗತಿಯಲ್ಲಿ ಮಾತ್ರ ನನಗೆ ಒಂದು ಸ್ಟೂಲಿತ್ತು.

ಮೇಷ್ಟ್ರು ಆ ಕೆಲಸವನ್ನೂ ಒಂದು ಮರ್ಯಾದೆಯ ಹಾಗೆ ಕಲಿಸಿದರು. "ಬಾಯಲ್ಲಿ ಹೇಳ್ಬೇಡ, ಉಸಿರಲ್ಲಿ ಹೇಳು," ಅನ್ನುತ್ತಿದ್ದರು. "ನಟನ ಮುಖ ನೋಡ್ಬೇಡ, ಗಂಟಲು ನೋಡು. ಮಾತು ಸಿಗ್ದೇ ಇರೋವ್ನು ಎಂಜಲು ನುಂಗ್ತಾನೆ." ನಟರಿಗೂ ಒಂದು ಕಟ್ಟಳೆ ಇತ್ತು. ಪಕ್ಕದಿಂದ ಮಾತು ಬಂತೋ, ಅದನ್ನು ಎತ್ತಿಕೊಳ್ಳಲೇಬೇಕು. ತಪ್ಪು ಮಾತೇ ಬಂದಿರಲಿ, ನಿನಗೆ ಬೇಕಿಲ್ಲದೇ ಇರಲಿ, ಎತ್ತಿಕೋ. ಬಿಟ್ಟರೆ ಅದು ಗಾಳಿಯಲ್ಲಿ ಉಳಿದುಬಿಡುತ್ತೆ. ಆಗ ಜನಕ್ಕೆ ಆಟದೊಳಗೆ ಇಲ್ಲದ ಒಬ್ಬ ಮನುಷ್ಯನ ದನಿ ಕೇಳಿದಂತಾಗುತ್ತೆ, ಆಟ ಒಡೆಯುತ್ತೆ. "ಕೊಟ್ಟೋನ್ನ ಒಂಟಿ ಮಾಡ್ಬಾರ್ದು" ಅನ್ನುತ್ತಿದ್ದರು. ಕಂಪನಿಯಲ್ಲಿ ಪ್ರಾಂಪ್ಟರನ ಮಾತನ್ನು ಬೇಕೆಂದೇ ಕೈಬಿಟ್ಟ ಒಬ್ಬ ನಟನ ಜೊತೆ ಒಂದು ತಿಂಗಳು ಯಾರೂ ಪಂಕ್ತಿಯಲ್ಲಿ ಕೂರಲಿಲ್ಲವಂತೆ.

ಸರ್ ಕಲಿಸುತ್ತಿದ್ದುದು ಇದಕ್ಕೆ ತೀರಾ ಬೇರೆ. ಸಿನಿಮಾ ನಟನೆಗೆ ಕ್ಯಾಮೆರಾ ಬೇಕಲ್ಲ, ವಿಭಾಗದಲ್ಲಿ ಅದು ಇರಲಿಲ್ಲ. ಸರ್ ಒಂದು ರಟ್ಟಿನ ಪೆಟ್ಟಿಗೆಯ ತಳ ಕತ್ತರಿಸಿ ಚೌಕಟ್ಟು ಮಾಡಿದ್ದರು. ಅದನ್ನು ಒಬ್ಬರ ಮುಖದ ಮುಂದೆ ಹಿಡಿದು, "ನಿಮ್ಮ ಪ್ರಪಂಚ ಇಷ್ಟೇ. ಕೈ ಇಲ್ಲ, ಕಾಲಿಲ್ಲ. ಈಗ ನಿಮ್ಮ ಮಗ ಸತ್ತ ಸುದ್ದಿ ಬಂತು. ಏನೂ ಮಾಡಬೇಡಿ" ಅನ್ನುತ್ತಿದ್ದರು. ಏನೂ ಮಾಡದೇ ಇರುವುದನ್ನು ಕಲಿಯಲು ಇಷ್ಟು ದೂರ ಬರಬೇಕಾ ಅಂತ ನಮಗೆ ನಗು. ಮೇಷ್ಟ್ರು ಮಾತ್ರ ಸರ್ ತರಗತಿಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು, ಪಕ್ಕದಲ್ಲಿ ಛತ್ರಿ ಇಟ್ಟುಕೊಂಡು. ಒಂದು ದಿನ ಸರ್ ಅವರನ್ನೂ ಕರೆದರು. ಮೇಷ್ಟ್ರು ಚೌಕಟ್ಟಿನೊಳಗೆ ಮುಖ ಇಟ್ಟು, "ಇದರೊಳಗೆ ನನ್ನ ಮೂಗೊಂದೇ ಹಿಡಿಸುತ್ತೆ ಸಾಮಿ, ಶೋಕಕ್ಕೆ ಜಾಗ ಎಲ್ಲಿದೆ?" ಅಂದರು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಎಲ್ಲರೂ ಹೋದ ಮೇಲೆ ಅವರು ಸರ್ ಹತ್ತಿರ ಹೋಗಿ ಆ ರಟ್ಟನ್ನು ಒಂದು ವಾರದ ಮಟ್ಟಿಗೆ ಮನೆಗೆ ಒಯ್ಯಬಹುದಾ ಅಂತ ಕೇಳಿದ್ದು ನನ್ನ ಕಿವಿಗೆ ಬಿತ್ತು. ಒಂದು ವಾರ ಅಂದದ್ದು, ಆ ರಟ್ಟು ಶೆಡ್ಡಿಗೆ ವಾಪಸ್ಸು ಬರಲೇ ಇಲ್ಲ. ಸರ್ ಇನ್ನೊಂದು ಕತ್ತರಿಸಿಕೊಂಡರು.

ಎರಡನೇ ವರ್ಷ ವಿಶ್ವವಿದ್ಯಾಲಯದಿಂದ ಒಂದು ಕಾಗದ ಬಂತು. ಪದವಿ ಇಲ್ಲದ ಅಧ್ಯಾಪಕರನ್ನು ಮುಂದುವರಿಸಬೇಕಾದರೆ ಮೂವರ ಸಮಿತಿ ಅವರ ಕೆಲಸವನ್ನು ಕಣ್ಣಾರೆ ನೋಡಿ ಒಪ್ಪಬೇಕು, ಇಲ್ಲದಿದ್ದರೆ ಬರುವ ವರ್ಷದಿಂದ ಅವರು ಬೇಕಿಲ್ಲ. ಮೇಷ್ಟ್ರು ಒಂದು ದೃಶ್ಯ ಆಡಿ ತೋರಿಸಬೇಕು. ಅದು ಹೊಸ ರೀತಿಯದಾಗಿರಬೇಕು, ಹಾಡು ಪದ್ಯ ಇರಬಾರದು, ಪ್ರಾಂಪ್ಟರ್ ಇರಬಾರದು. ಕೊನೆಯದನ್ನು ಬೇರೆ ಗೆರೆ ಎಳೆದು ಬರೆದಿದ್ದರು. ಕಂಪನಿ ನಟರೆಂದರೆ ಪಕ್ಕಪರದೆಯನ್ನು ನಂಬಿಕೊಂಡವರು ಅನ್ನುವ ಗುಮಾನಿ ಅವರಿಗೆ.

ಕಾಗದ ಓದಿದ ದಿನ ಸಂಜೆ ಮೇಷ್ಟ್ರು, ನಾನು, ಗೆಳೆಯ ಮೂವರೂ ಸ್ಟೇಷನ್ನಿನ ಕಡೆ ನಡೆದು ಬರುತ್ತಿದ್ದೆವು. ಗೆಳೆಯ ಧೈರ್ಯ ಹೇಳಲು ಹೋಗಿ, "ಹೋದ್ರೆ ಹೋಯ್ತು ಬಿಡಿ ಮೇಷ್ಟ್ರೆ, ಮನೇಲಿ ಮೊಮ್ಮಕ್ಕಳ ಜೊತೆ ಆರಾಮಾಗಿರ್ಬೌದು" ಅಂದ.

"ಮನೇಲಿ ನಾನು ತಾತ ಕಣಪ್ಪ. ಹಾಲು ತರೋ ತಾತ, ಸ್ಲೇಟು ಒರೆಸೋ ತಾತ. ಅದು ಚೆನ್ನಾಗೇ ಇದೆ, ಇಲ್ಲ ಅನ್ನಲ್ಲ," ಅಂದು ನಾಲ್ಕು ಹೆಜ್ಜೆ ಹಾಕಿದ ಮೇಲೆ, "ಈ ಶೆಡ್ಡಿಗೆ ಬಂದ್ರೆ ಮಾತ್ರ ನಾನು ಇನ್ನೂ ನಟ. ಇದೂ ಹೋದ್ರೆ, ಹಿಂದೆ ನಟ ಆಗಿದ್ದೋನು ಆಗ್ಬಿಡ್ತೀನಿ" ಅಂದರು.



ಸರ್ ಅವರಿಗಾಗಿ ಒಂದು ಪುಟ್ಟ ದೃಶ್ಯ ಬರೆದುಕೊಟ್ಟರು. ಅಣ್ಣ ತಮ್ಮ ಇಬ್ಬರೇ. ಅಣ್ಣ ಹಗ್ಗ ಹೊಸೆಯುತ್ತಾ ಕೂತಿರುತ್ತಾನೆ. ಮಳೆ, ಬಿತ್ತನೆ, ದನದ ಕಾಲುನೋವು ಅಂತ ಇಬ್ಬರೂ ಮಾತಾಡುತ್ತಾರೆ. ಆಮೇಲೆ ತಮ್ಮ ಗೋಡೆಯ ಕಡೆ ತಿರುಗಿಕೊಂಡು, "ಅಣ್ಣ, ಭಾಗ ಮಾಡ್ಕೊಳ್ಳೋಣ" ಅನ್ನುತ್ತಾನೆ. ಅಣ್ಣ ತಕ್ಷಣ ಮಾತಾಡುವುದಿಲ್ಲ. ಆಮೇಲೆ "ಊಟ ಆಯ್ತೇನೋ?" ಅನ್ನುತ್ತಾನೆ. ದೃಶ್ಯ ಅಲ್ಲಿಗೆ ಮುಗಿಯಿತು. ತಮ್ಮನ ಪಾತ್ರ ನನ್ನ ಗೆಳೆಯನದು.

ಮೇಷ್ಟ್ರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. "ತಮ್ಮ ಮನೆ ಒಡೀತೀನಿ ಅಂತಾನೆ, ಅಣ್ಣ ಊಟ ಆಯ್ತಾ ಅಂತಾನೆ. ಇವನೇನು ಹೋಟ್ಲು ಇಟ್ಟಿದಾನಾ? ನಮ್ಮ ಕಂಪನೀಲಿ ಇಂಥ ಜಾಗಕ್ಕೆ ಎರಡು ಪುಟ ಮಾತು, ಒಂದು ಪದ್ಯ, ಆಮೇಲೆ ಎದೆ ಹಿಡ್ಕೊಂಡು ಕಂಬಕ್ಕೆ ಒರಗೋದು." ಅಭ್ಯಾಸದಲ್ಲಿ ಆ ಜಾಗ ಬಂದಾಗಲೆಲ್ಲ ಸುಮ್ಮನಿರಲು ನೋಡುವರು, ಒಂದು ಉಸಿರು ಆಗುವುದರೊಳಗೆ ಬಾಯಿ ತಾನಾಗಿ ತೆರೆದು "ಊಟ ಆಯ್ತೇನೋ" ಬಂದುಬಿಡುವುದು. ಹತ್ತು ಸಲ ಮಾಡಿಸಿ ಸರ್ ಕೈಚೆಲ್ಲಿದರು. "ಆಗಲಿ ಮೇಷ್ಟ್ರೆ, ಒಂದು ಉಸಿರೇ ಸಾಕು."

ನಾನು ಇದನ್ನೆಲ್ಲ ಮನೆಯಲ್ಲಿ ಹೇಳಿ ನಗುತ್ತಿದ್ದೆ. ಒಂದು ಸಂಜೆ ಅಜ್ಜಿ ನಗಲಿಲ್ಲ.

"ನಗ್ತೀಯಲ್ಲ, ನಿಮ್ ತಾತ ಅಂಗೇ ಮಾಡಿದ್ದು," ಅಂದಳು.

ನಮ್ಮ ತಾತನಿಗೂ ಅವನ ತಮ್ಮನಿಗೂ ಭಾಗವಾದದ್ದು ನಾನು ಹುಟ್ಟುವ ಮುಂಚೆ. ಭಾಗವಾದ ಮೇಲೆ ಚಿಕ್ಕತಾತ ನಮ್ಮೂರ ಪಕ್ಕದ ಸಿಂಗಾಪುರ ಅನ್ನುವ ಹಳ್ಳಿಗೆ, ತನ್ನ ಹೆಂಡತಿಯ ಊರಿಗೆ ಹೋಗಿ ನೆಲೆಸಿದ. ಅಷ್ಟು ಮಾತ್ರ ನನಗೆ ಗೊತ್ತಿತ್ತು.

"ನಾನು ಒಳೀಕಿಂದ ನೋಡ್ತಾ ಇದ್ದೆ. ಅವ್ನು ಕೇಳ್ದ. ಇವ್ರು ಮಕ ಎತ್ತಿ ನೋಡ್ನಿಲ್ಲ. ಅವ್ನ ಕಾಲು ನೋಡುದ್ರು. ತಮ್ಮಯ್ಯ ಚಿಕ್ಕೋನಿದ್ದಾಗ ಬಾವಿಗೆ ಬಿದ್ದು ಒಂದ್ ಬೆಳ್ಳು ಸೊಟ್ಟ ಆಗಿತ್ತು. ಎತ್ತಿದ್ದು ಇವ್ರೇಯ. ಆ ಬೆಳ್ಳ ನೋಡ್ತಾವ್ರೆ, ನೋಡ್ತಾವ್ರೆ. ನಂಗೆ ಒಲೆ ಮ್ಯಾಗ್ಲ ಅನ್ನ ಸೀದೋಯ್ತದೆ ಅಂತ ಗೊತ್ತು, ಓಗಾಕಾಯ್ತಿಲ್ಲ. ಆಮೇಕೆ, ಉಂಡ್ಯೇನ್ಲಾ ಅಂದ್ರು. ಆ ಅನ್ನ ಸೀದೇ ಓಗಿತ್ತು. ಸೀದನ್ನಾನೇ ಇಬ್ರೂ ಉಂಡ್ರು."

ಮಾರನೆಯ ದಿನ ಇದನ್ನು ಇದ್ದ ಹಾಗೇ, ಅಜ್ಜಿಯ ಮಾತಿನಲ್ಲೇ, ಮೇಷ್ಟ್ರಿಗೆ ಒಪ್ಪಿಸಿದೆ. ಅವರು ಛತ್ರಿಯ ಹಿಡಿಯ ಮೇಲೆ ಗದ್ದ ಇಟ್ಟುಕೊಂಡು ಕೇಳಿದರು. "ಯಾವ ಕಾಲಿನ ಬೆರಳು?" ಅಂತ ಒಂದೇ ಪ್ರಶ್ನೆ. ನನಗೆ ಗೊತ್ತಿರಲಿಲ್ಲ. "ಕೇಳ್ಕೊಂಡು ಬಾ" ಅಂದರು. ಕೇಳಿಕೊಂಡು ಬಂದು ಹೇಳಿದೆ, ಎಡಗಾಲಿನದು. ಅವರು ತಲೆಯಾಡಿಸಿದರು. ಆದರೆ ಅಭ್ಯಾಸದಲ್ಲಿ ಏನೂ ಬದಲಾಗಲಿಲ್ಲ. ಅದೇ ಒಂದು ಉಸಿರು, ಅದೇ "ಊಟ ಆಯ್ತೇನೋ." ನನ್ನ ಅಜ್ಜಿಯ ಕಥೆ ವ್ಯರ್ಥವಾಯಿತು ಅಂದುಕೊಂಡೆ.

ಇದರ ಜೊತೆಗೆ ಇನ್ನೊಂದು ಭಯ ನನ್ನನ್ನು ಕಾಡುತ್ತಿತ್ತು. ಆ ತಿಂಗಳು, ಸರ್ ಇಲ್ಲದಾಗಿನ ಅಭ್ಯಾಸದಲ್ಲಿ, ಮೇಷ್ಟ್ರು ಎರಡು ಮೂರು ಸಲ ಮಾತು ಮರೆತಿದ್ದರು. ದನದ ಕಾಲುನೋವಿನ ಹತ್ತಿರ ಒಮ್ಮೆ, ಬಿತ್ತನೆಯ ಹತ್ತಿರ ಒಮ್ಮೆ. ನಾನು ಎತ್ತಿಕೊಟ್ಟೆ, ಅವರು ಎತ್ತಿಕೊಂಡರು, ಹೊರಗೆ ಯಾರಿಗೂ ಗೊತ್ತಾಗಲಿಲ್ಲ. ಸಮಿತಿಯ ಮುಂದೆ ಹೀಗಾದರೆ? ಗೆಳೆಯನನ್ನು ಕೇಳಿದೆ.

"ನೀನು ಅಲ್ಲೇ ಇರು ಗುರು, ಪರದೆ ಹಿಂದೆ. ಯಾರು ಬಂದು ನೋಡ್ತಾರೆ?" ಅಂದ.

"ಬೇಡ ಅಂತ ಬರ್ದಿದಾರಲ್ಲೋ."

"ಬರ್ದಿರೋದು ಪ್ರಾಂಪ್ಟರ್ ಇರ್ಬಾರ್ದು ಅಂತ. ನೀನು ಪುಸ್ತಕ ತಗೊಂಡ್ ಹೋಗ್ಬೇಡ. ಆಗ ನೀನು ಸುಮ್ನೆ ಪರದೆ ಹಿಂದೆ ನಿಂತಿರೋ ಒಬ್ಬ ಮನುಷ್ಯ."

ಅವನ ಕಾನೂನು ನನಗೆ ಒಪ್ಪಿಗೆಯಾಯಿತು. ಮೇಷ್ಟ್ರಿಗೆ ಹೇಳಲಿಲ್ಲ, ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ಸಮಿತಿಯವರು ಬೆಳಗ್ಗೆ ಹನ್ನೊಂದಕ್ಕೆ ಬಂದರು. ಮೂವರಲ್ಲಿ ದೊಡ್ಡವರು ಜರಿಪೇಟದ ಒಬ್ಬ ನಿವೃತ್ತ ಪ್ರಾಧ್ಯಾಪಕರು. ಮಿಕ್ಕ ಇಬ್ಬರೂ ಅವರ ಮುಖ ನೋಡಿಕೊಂಡೇ ನಗುವವರು, ಗಂಭೀರವಾಗುವವರು. ನಾನು ಅವರು ಬರುವ ಮುಂಚೆಯೇ ಎಡಗಡೆಯ ಪರದೆಯ ಹಿಂದೆ ಸೇರಿಕೊಂಡಿದ್ದೆ. ಮೇಷ್ಟ್ರು ನನ್ನಿಂದ ಮೂರು ಮಾರು ದೂರದಲ್ಲಿ ಹಗ್ಗ ಹಿಡಿದು ಕೂತರು. ನಾನಿರುವುದು ಅವರಿಗೆ ಗೊತ್ತಿಲ್ಲ.

ದೃಶ್ಯ ಶುರುವಾಯಿತು. ಮಳೆಯ ಮಾತು ಸರಾಗವಾಗಿ ಹೋಯಿತು, ಬಿತ್ತನೆಯದೂ ಹೋಯಿತು, ದನದ ಕಾಲುನೋವಿನ ಹತ್ತಿರ ನಾನು ಉಸಿರು ಬಿಗಿಹಿಡಿದೆ, ಅದೂ ದಾಟಿತು. ಗೆಳೆಯ ಗೋಡೆಯ ಕಡೆ ತಿರುಗಿ, "ಅಣ್ಣ, ಭಾಗ ಮಾಡ್ಕೊಳ್ಳೋಣ" ಅಂದ.

ಮೇಷ್ಟ್ರು ಹಗ್ಗ ಹೊಸೆಯುವುದನ್ನು ನಿಲ್ಲಿಸಿದರು. ಒಂದು ಉಸಿರು ಆಯಿತು. ಮಾತು ಬರಲಿಲ್ಲ. ಎರಡು ಉಸಿರು ಆಯಿತು. ಅವರ ತಲೆ ಬಗ್ಗಿತ್ತು, ಕಣ್ಣು ನೆಲದ ಮೇಲೆ ಎಲ್ಲೋ ಇತ್ತು. ನಾನು ಕಿವಿಗೊಟ್ಟು ಕೇಳಿದೆ, ಯಾವ ಗಾಡಿಯೂ ಇಲ್ಲ. ಯಾರ್ಡಿನಲ್ಲಿ ಒಬ್ಬ ಯಾರನ್ನೋ ಕೂಗುವುದು ಬಿಟ್ಟರೆ ಬೇರೆ ಸದ್ದಿಲ್ಲ. ಮೂರು, ನಾಲ್ಕು. ಕುರ್ಚಿಯೊಂದು ಕಿರುಗುಟ್ಟಿತು. ಆಗ ಮೇಷ್ಟ್ರು ಎಂಜಲು ನುಂಗಿದರು, ಗಂಟಲಿನ ಮಣಿ ಮೇಲೆ ಹೋಗಿ ಕೆಳಗೆ ಬಂದದ್ದು ನನಗೆ ಕಂಡಿತು.

ಹೋಯಿತು, ಮರೆತುಬಿಟ್ಟರು ಅಂದುಕೊಂಡೆ. "ಊಟ," ಅಂದುಬಿಟ್ಟೆ.

ಉಸಿರಲ್ಲಿ ಹೇಳಬೇಕಾದದ್ದನ್ನು ಹೆದರಿಕೆಯಲ್ಲಿ ಬಾಯಿಬಿಟ್ಟು ಹೇಳಿದ್ದೆ. ಶೆಡ್ಡಿನ ಆ ನಿಶ್ಶಬ್ದದಲ್ಲಿ ಅದು ಕೊನೆಯ ಕುರ್ಚಿಗೂ ಕೇಳಿಸಿರಬೇಕು. ಮೇಷ್ಟ್ರ ಹೆಗಲು ಒಮ್ಮೆ ಸಣ್ಣಗೆ ಅದುರಿತು. ಅವರು ನನ್ನ ಕಡೆ ತಿರುಗಲಿಲ್ಲ. "ಊಟ ಆಯ್ತೇನೋ?" ಅಂದರು. ದೃಶ್ಯ ಮುಗಿಯಿತು. ಪೇಟದ ಹಿರಿಯರು ಪಕ್ಕದವರ ಕಡೆ ವಾಲಿ ಏನೋ ಹೇಳಿದರು. ಸರ್ ಕೈಯಲ್ಲಿದ್ದ ಸಿಗರೇಟು ಮುರಿದಿತ್ತು.

ನಾನು ಹಿಂದಿನ ಬಾಗಿಲಿಂದ ಹೊರಗೆ ಬಂದೆ. ನಲ್ಲಿಯ ಹತ್ತಿರ ಮೇಷ್ಟ್ರು ಮುಖ ತೊಳೆದುಕೊಳ್ಳುತ್ತಿದ್ದರು. ಹೊರಗೆ ಬಂದದ್ದು ಯಾರು ಅಂತ ನೋಡಿ, ಎಲ್ಲಾ ಅರ್ಥವಾದವರ ಹಾಗೆ, "ನೀನಾ," ಅಂದರು ಅಷ್ಟೇ.

"ಮೇಷ್ಟ್ರೆ, ಮರ್ತುಹೋಗಿರ್ಲಿಲ್ವಾ?"

"ಇಲ್ಲಪ್ಪ. ಅದು ಇನ್ನೂ ಮುಗಿದಿರ್ಲಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ಪಂಚೆಯ ಚುಂಗಿನಿಂದ ಮುಖ ಒರೆಸಿಕೊಳ್ಳುತ್ತಾ ಹೇಳಿದರು. "ಮನೇಲಿ ಆ ರಟ್ಟು ಇಟ್ಕೊಂಡು ದಿನಾ ಕೂರ್ತಿದ್ದೆ. ನಿಮ್ಮ ಮುಂದೆ ಬರ್ತಿರ್ಲಿಲ್ಲ. ಇವತ್ತು ಆ ಹುಡುಗನ ಕಾಲು ನೋಡ್ದೆ ನೋಡು, ಎಡಗಾಲು. ನಿಮ್ಮಜ್ಜಿ ಹೇಳಿದ ಬೆರಳು ಅಲ್ಲಿ ಕಾಣಿಸ್ತು. ಮಾತು ತಾನಾಗೇ ನಿಂತ್ಕೊಳ್ತು."

"ನಾನು ಕೊಟ್ಟ ಮಾತು ಬಿಟ್ಬಿಡ್ಬೇಕಾಗಿತ್ತು ನೀವು."

"ಬಿಡೋಕೆ ಬರುತ್ತಾ? ಐವತ್ತು ವರ್ಷ ಎತ್ಕೊಂಡಿರೋ ಬಾಯಿ ಇದು."

ಅಲ್ಲಿ ನಿಂತಿದ್ದಾಗ ನನಗೆ ಒಂದು ಹೊಳೆಯಿತು. ಅವರ ಮರೆವಿಗೆ ಹೆದರಿ ನಾನು ಅಲ್ಲಿ ನಿಂತಿದ್ದೆ ಅನ್ನುವುದು ಅರ್ಧ ನಿಜ. ಈ ವಯಸ್ಸಿನಲ್ಲಿ ಇವರು ಹೊಸದೊಂದನ್ನು ಕಲಿಯಬಲ್ಲರು ಅಂತ ನನಗೆ ಅನಿಸಿಯೇ ಇರಲಿಲ್ಲ. ಅವರಿಗೆ ಆ ಮೌನವನ್ನು ಹೊತ್ತುಕೊಂಡು ಹೋಗಿ ಕೊಟ್ಟವನು ನಾನು. ಅದು ಅವರ ಮುಖದ ಮೇಲೆ ಬಂದಾಗ ಗುರುತು ಹಿಡಿಯದೇ ಹೋದವನೂ ನಾನೇ.

ಸಮಿತಿಯವರು ಸರ್ ಕೋಣೆಯಲ್ಲಿ ಉಪ್ಪಿಟ್ಟು ಕಾಫಿಗೆ ಕೂತಿದ್ದರು. ಬಾಗಿಲ ಹತ್ತಿರ ಹೋದಾಗ ಪೇಟದ ಹಿರಿಯರ ಮಾತು ಕೇಳಿಸಿತು. "ಪಾಪ, ದೊಡ್ಡ ಸ್ವರ. ಆದ್ರೆ ವಯಸ್ಸಾಯ್ತು. ಎರಡು ಪದದ ಮಾತಿಗೂ ಎತ್ತಿಕೊಡೋರು ಬೇಕು ಅಂದ್ರೆ ಮಕ್ಕಳಿಗೇನು ಕಲಿಸ್ತಾರೆ?" ಸರ್ ತಲೆ ತಗ್ಗಿಸಿ ಕೂತಿದ್ದರು. ನಾನು ಒಳಗೆ ಹೋಗಿ ನಿಂತೆ.

"ಮೇಷ್ಟ್ರು ಮರ್ತಿರ್ಲಿಲ್ಲ ಸರ್. ಮರ್ತಿದಾರೆ ಅಂತ ನಾನು ಅಂದ್ಕೊಂಡೆ."

ಹಿರಿಯರು ಚಮಚ ಕೆಳಗಿಟ್ಟರು. "ನಿನ್ನನ್ನ ಅಲ್ಲಿ ನಿಲ್ಲಿಸಿದ್ದು ಯಾರು?"

"ಯಾರೂ ಇಲ್ಲ. ನಾನೇ ನಿಂತೆ. ಅವರಿಗೆ ಗೊತ್ತಿರ್ಲಿಲ್ಲ."

"ಮರೆತಿರಲಿಲ್ಲ ಅಂದ್ಮೇಲೆ ನೀನು ಅಂದದ್ದನ್ನ ಅವರು ಯಾಕೆ ಹೇಳಿದ್ರು? ಬಿಡಬಹುದಾಗಿತ್ತಲ್ಲ."

ಕಂಪನಿಯ ಕಟ್ಟಳೆ ಹೇಳಿದೆ. ಗಾಳಿಯಲ್ಲಿ ಉಳಿಯುವ ಮಾತು, ಕೊಟ್ಟವನನ್ನು ಒಂಟಿ ಮಾಡಬಾರದು ಅನ್ನುವುದು, ಪಂಕ್ತಿಯಲ್ಲಿ ಯಾರೂ ಜೊತೆಗೆ ಕೂರದ ಆ ನಟ, ಎಲ್ಲಾ. ಅವಸರದಲ್ಲಿ ನನ್ನ ನಾಲಗೆ ಪೂರ್ತಿ ಜಗುಲಿಗೆ ಹೋಗಿಬಿಟ್ಟಿತ್ತು, ಒಂದು ಹಕಾರವೂ ಉಳಿದಿರಲಿಲ್ಲ. ಹಿರಿಯರು ನಡುವೆ ತಡೆಯದೆ ಕೇಳಿದರು. ಆಮೇಲೆ ಸರ್ ಕಡೆ ತಿರುಗಿದರು.

"ಇನ್ನೊಂದು ಸಲ ಮಾಡಿಸಿ. ಈ ಮಹಾರಾಯನ್ನ ನಮ್ಮ ಪಕ್ಕದಲ್ಲೇ ಕೂರಿಸಿ. ಬೇಕಾದ್ರೆ ಬಾಯಿಗೆ ಉಪ್ಪಿಟ್ಟು ತುಂಬಿ."

ನಾನು ಅವರ ಪಕ್ಕದ ಮಡಿಚುವ ಕುರ್ಚಿಯಲ್ಲಿ ಕೂತೆ. ಮೇಷ್ಟ್ರು ಮತ್ತೆ ಹಗ್ಗ ಹಿಡಿದು ಕೂತರು. ಮಳೆ, ಬಿತ್ತನೆ, ದನ. ಗೆಳೆಯ ಗೋಡೆಗೆ ತಿರುಗಿದ. ಮೇಷ್ಟ್ರು ಹಗ್ಗ ನಿಲ್ಲಿಸಿದರು, ತಲೆ ಬಗ್ಗಿಸಿದರು, ಎಡಗಾಲು ನೋಡಿದರು. ಶೆಡ್ಡಿನಲ್ಲಿ ಯಾರೂ ಕದಲಲಿಲ್ಲ. ಎಷ್ಟು ಬೇಕೋ ಅಷ್ಟು ಹೊತ್ತು ಬಿಟ್ಟು, "ಊಟ ಆಯ್ತೇನೋ?" ಅಂದರು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಮಿಕ್ಕಿಬ್ಬರೂ ಅವರ ಮುಖ ನೋಡಿ ತಮ್ಮ ಕನ್ನಡಕಕ್ಕೂ ಕೈ ಹಾಕಿದರು. ಅಲ್ಲೇ ಕಾಗದ ತರಿಸಿ ರುಜು ಹಾಕಿದರು. ಮೇಷ್ಟ್ರು ಮುಂದುವರಿಯುವುದು ಖಾಯಂ ಆಯಿತು. ಸರ್ ಆ ದಿನ ನಮ್ಮೆದುರಿಗೇ ಸಿಗರೇಟು ಹಚ್ಚಿದರು. ನನಗೆ ಶಿಕ್ಷೆಯಾಗಿ ಒಂದು ತಿಂಗಳು ಅಟ್ಟಣೆ ಗುಡಿಸುವ ಕೆಲಸ ಕೊಟ್ಟರು.

ಎಲ್ಲರಿಗೂ ಸಂತೋಷವಾಗಿತ್ತು. ನನಗೂ ಆಗಿತ್ತು. ಆದರೆ ನಾನು ಮೊದಲನೆಯದನ್ನು ನೋಡಿದ್ದೆ. ಎರಡನೆಯದರಲ್ಲಿ ಎಲ್ಲವೂ ಅದರದರ ಜಾಗದಲ್ಲಿತ್ತು. ಮೇಷ್ಟ್ರು ಗೊತ್ತಿದ್ದ ದಾರಿಯಲ್ಲಿ ನಡೆದುಕೊಂಡು ಹೋಗಿ ಬಂದಿದ್ದರು. ಸಮಿತಿಯವರು ಒಪ್ಪಿದ್ದು ಅದನ್ನು. ಅದಕ್ಕಿಂತ ದೊಡ್ಡದೊಂದು ಅದೇ ಅಟ್ಟಣೆಯ ಮೇಲೆ ಒಂದು ಗಂಟೆ ಮುಂಚೆ ಅರ್ಧಕ್ಕೆ ನಿಂತಿತ್ತು ಅಂತ ಅವರಿಗೆ ತಿಳಿಯಲೇ ಇಲ್ಲ.

ಮಧ್ಯಾಹ್ನ ಯಶವಂತಪುರದ ಪ್ಲಾಟ್‌ಫಾರಂ ಮೇಲೆ ಮೇಷ್ಟ್ರು ಚಿಕ್ಕಬಾಣಾವರದ ಗಾಡಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ನಿಂತಿದ್ದೆ. ಅವರೇ ಜಾಗ ತೋರಿಸಿ ಕೂರಿಸಿಕೊಂಡರು.

"ಎರಡನೇದು ಹೆಂಗಿತ್ತು?"

"ಚೆನ್ನಾಗಿತ್ತು ಮೇಷ್ಟ್ರೆ."

"ನಿಂಗೆ ಸುಳ್ಳು ಹೇಳೋಕೆ ನಾನು ಕಲಿಸಿಲ್ಲ."

"ಮೊದಲನೇದರ ಹಂಗಿರ್ಲಿಲ್ಲ."

"ಹೂಂ. ಮೊದಲನೇದು ತಾನಾಗಿ ಬಂತು. ಎರಡನೇದನ್ನ ನಾನು ಕರ್ಕೊಂಡ್ ಬಂದೆ." ಛತ್ರಿಯನ್ನು ಬೆಂಚಿಗೆ ಒರಗಿಸಿಟ್ಟರು. "ಆ ಹುಡುಗ ಗೋಡೆ ನೋಡ್ತಿದ್ದ. ಎದುರಿಗೆ ಕೂತೋರಿಗೆ ನನ್ನ ನೆತ್ತಿ ಕಂಡಿರುತ್ತೆ, ತಲೆ ಬಗ್ಸಿದ್ನಲ್ಲ. ನನಗೆ ನಾನು ಕಾಣಲ್ಲ. ಹತ್ತಿರದಿಂದ ನೋಡಿದೋನು ನೀನೊಬ್ಬನೇ. ಏನೇನು ಆಯ್ತು ಹೇಳು."

ನಾನು ಹೇಳಿದೆ. ಹಗ್ಗ ನಿಂತಾಗ ಬಲಗೈ ಬಿಟ್ಟರೂ ಎಡಗೈ ಬಿಗಿಯಾಗಿಯೇ ಇದ್ದದ್ದು, ಎರಡನೇ ಉಸಿರಿನ ಹೊತ್ತಿಗೆ ಹೆಬ್ಬೆರಳು ನಾರನ್ನು ಸವರುತ್ತಿದ್ದದ್ದು. ಕೆನ್ನೆ ಒಂದು ಕಡೆ ಮಾತ್ರ ಇಳಿದದ್ದು. ಕಣ್ಣು ನೆಲದ ಮೇಲೆ ಎಲ್ಲೋ ಇತ್ತು ಅಂತ ಮೊದಲು ಅಂದೆ, ಆಮೇಲೆ ಇಲ್ಲ, ಎಲ್ಲೋ ಅಲ್ಲ, ಒಂದೇ ಕಡೆ ಇತ್ತು ಅಂತ ತಿದ್ದಿಕೊಂಡೆ. ಹೇಳುತ್ತಾ ಹೋದ ಹಾಗೆ ನನಗೇ ಆಶ್ಚರ್ಯವಾಯಿತು. ಇಷ್ಟೆಲ್ಲ ನೋಡಿದ್ದೆ, ನೋಡುತ್ತಲೇ ಮಾತು ಎತ್ತಿಕೊಟ್ಟಿದ್ದೆ. ಮೇಷ್ಟ್ರು ಸರ್ ತರಗತಿಯಲ್ಲಿ ಕೂರುತ್ತಿದ್ದ ಹಾಗೆ ಸ್ವಲ್ಪ ಮುಂದೆ ಬಾಗಿ ಕೂತಿದ್ದರು.

"ಎಂಜಲು ನುಂಗಿದ್ರಿ," ಅಂದೆ.

"ಅದು ಮರೆತಿದ್ದಕ್ಕಲ್ಲ."

"ಈಗ ಗೊತ್ತಾಯ್ತು."

"ಆಮೇಲೆ?"

"ಆಮೇಲೆ ನಾನು ಬಾಯಿ ಹಾಕ್ದೆ."

"ಅದಿರ್ಲಿ. ಹೆಬ್ಬೆರಳು ಯಾವಾಗ ಸವರೋಕೆ ಶುರು ಮಾಡ್ತು, ಅಲ್ಲಿಂದ ಇನ್ನೊಂದು ಸಲ ಹೇಳು."

ಅಷ್ಟರಲ್ಲಿ ಅವರ ಗಾಡಿ ಬಂದು ನಿಂತಿತು. ಜನ ಇಳಿದರು, ಹತ್ತಿದರು. ನಾನು ಎದ್ದು ಅವರ ಛತ್ರಿ ಎತ್ತಿಕೊಂಡೆ. ಅವರು ಏಳಲಿಲ್ಲ, ಕೈಯಿಂದಲೇ ಕೂತುಕೊ ಅಂದರು. ಗಾಡಿ ಅವರನ್ನು ಬಿಟ್ಟು ಹೊರಟಿತು. ಅದರ ಸದ್ದಿಗೆ ನನ್ನ ಮಾತು ಕೇಳುವಂತಿರಲಿಲ್ಲ, ಅದಕ್ಕೆ ಇಬ್ಬರೂ ಸುಮ್ಮನೆ ಕೂತೆವು. ಕೊನೆಯ ಡಬ್ಬಿ ದಾಟಿದ ಮೇಲೆ ನಾನು ಹೆಬ್ಬೆರಳಿನಿಂದ ಮತ್ತೆ ಶುರು ಮಾಡಿದೆ.